ರಜೆಯಲ್ಲಿ ಮಗುವನ್ನು ನೋಡುವವರು ಯಾರು?

ದೊಡ್ಡ ರಜೆ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಉಳಿದ ತಿಂಗಳುಗಳಲ್ಲಿ ಅಂಕ, ಪರೀಕ್ಷೆ, ಟ್ಯೂಷನ್ ಎಂದು ಬರೆಯುವವರು ಈಗ ‘ಮಗುವನ್ನು ಯಾರ ಬಳಿ ಬಿಡಲಿ’ ಎಂದು ಕೇಳುತ್ತಾರೆ. ಈ ಸಲ ಅಂಥ ಏಳು ಪತ್ರಗಳನ್ನು ಆಯ್ದುಕೊಂಡಿದ್ದೇನೆ. ಬರೆದವರ ಹೆಸರು, ಊರು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನೂ ತೆಗೆದಿದ್ದೇನೆ. ನಮ್ಮ ಓದುಗರು ಬೇರೆ ಬೇರೆ ದೇಶಗಳಲ್ಲಿರುವುದರಿಂದ ಸಹಾಯವಾಣಿಯ ಸಂಖ್ಯೆ ಕೊಡುತ್ತಿಲ್ಲ. ನೂರಕ್ಕೂ ಹೆಚ್ಚು ದೇಶಗಳಲ್ಲಿ ಮಕ್ಕಳಿಗೆಂದೇ ಸಹಾಯವಾಣಿ ಇದೆ. ನಿಮ್ಮಲ್ಲಿನ ಸಂಖ್ಯೆ ಯಾವುದೆಂದು ರಜೆಗೆ ಮೊದಲೇ ತಿಳಿದುಕೊಂಡು, ಮಗುವಿನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

ಪ್ರಶ್ನೆ: ನಾನೂ ನನ್ನ ಪತಿಯೂ ದಿನವಿಡೀ ಕೆಲಸದಲ್ಲಿರುತ್ತೇವೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಶಾಲೆ ಇರುವಾಗ ಚಿಂತೆಯಿಲ್ಲ. ರಜೆಯಲ್ಲಿ ಇಬ್ಬರನ್ನೂ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋದರೆ ಭಯವಿರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಮಗಳು ಬಹಳ ಜಾಣೆ, ತಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಏನು ಮಾಡಲಿ ಮೇಡಂ?

ಉತ್ತರ: ಬೀಗದ ಮಾತನ್ನು ಮೊದಲು ಮುಗಿಸಿಬಿಡೋಣ. ಹೊರಗಿನಿಂದ ಬೀಗ ಹಾಕುವುದು ಬೇಡ, ಅರ್ಧ ಗಂಟೆಗೂ ಬೇಡ. ಕಳ್ಳನನ್ನು ಹೊರಗಿಡುವ ಬೀಗವೇ ಬೆಂಕಿ ಹೊತ್ತಿಕೊಂಡಾಗ, ಹೊಗೆ ತುಂಬಿದಾಗ, ಮಗುವಿಗೆ ಪೆಟ್ಟಾದಾಗ ಅದನ್ನು ಒಳಗೇ ಹಿಡಿದಿಡುತ್ತದೆ. ಹೊರಗಿನಿಂದ ಓಡಿಬಂದವರಿಗೂ ದಾರಿಯಿರುವುದಿಲ್ಲ.

ಇನ್ನು ಮಗಳ ಜಾಣತನ. ಅವಳು ಜಾಣೆಯೆಂಬುದರಲ್ಲಿ ಅನುಮಾನವಿಲ್ಲ. ಆದರೆ ಒಂಬತ್ತು ವರ್ಷದ ಹುಡುಗಿ ತನ್ನನ್ನು ತಾನು ಸಂಭಾಳಿಸಿಕೊಳ್ಳುವುದು ಒಂದು, ಐದು ವರ್ಷದ ತಮ್ಮನಿಗೆ ಹತ್ತು ಗಂಟೆಗಳ ಕಾಲ ಹೊಣೆಯಾಗುವುದು ಇನ್ನೊಂದು. ಅವನು ಬಿದ್ದು ಅತ್ತರೆ ಅವಳೂ ಅಳುತ್ತಾಳೆ, ಅಳಬೇಕಾದ ವಯಸ್ಸೂ ಅದೇ. ಎಷ್ಟು ವರ್ಷದ ಮಗುವನ್ನು ಒಂಟಿಯಾಗಿ ಬಿಡಬಹುದು ಎಂಬುದಕ್ಕೆ ಕೆಲವು ಕಡೆ ಕಾನೂನಿನಲ್ಲಿ ವಯಸ್ಸು ಗೊತ್ತುಮಾಡಿದ್ದಾರೆ, ಹಲವು ಕಡೆ ಮಾಡಿಲ್ಲ. ಆದರೆ ಐದು ವರ್ಷದವನ ವಿಷಯದಲ್ಲಿ ಕಾನೂನಿನ ಪುಸ್ತಕ ತೆರೆಯುವ ಅಗತ್ಯವೇ ಇಲ್ಲ.

ಒಮ್ಮೆ ಒಬ್ಬ ತಾಯಿ ‘ನನ್ನ ಮಗನಿಗೆ ಎಲ್ಲ ಹೇಳಿಕೊಟ್ಟಿದ್ದೇನೆ, ಯಾರಿಗೂ ಬಾಗಿಲು ತೆಗೆಯುವುದಿಲ್ಲ’ ಎಂದು ಧೈರ್ಯವಾಗಿ ಹೇಳಿದರು. ಪರೀಕ್ಷಿಸೋಣವೆಂದು ನಾನೇ ಹೊರಗೆ ನಿಂತು ಬಾಗಿಲು ತಟ್ಟಿ, ‘ಅಮ್ಮ ಇದ್ದಾರಾ ಪುಟ್ಟಾ?’ ಎಂದೆ. ಬಾಗಿಲು ತೆರೆಯಲಿಲ್ಲ, ನಿಜ. ಆದರೆ ಕಿಟಕಿಯ ಸಂದಿಯಿಂದ ಒಂದೇ ಉಸಿರಿಗೆ ಉತ್ತರ ಬಂತು: ‘ಅಮ್ಮ ಇಲ್ಲ, ಆರು ಗಂಟೆಗೆ ಬರ್ತಾರೆ, ನಾನೊಬ್ಬನೇ ಇದೀನಿ.’ ದೊಡ್ಡವರು ಕೇಳಿದ್ದಕ್ಕೆ ನಿಜ ಹೇಳಬೇಕೆಂದು ನಾವೇ ಕಲಿಸಿದ ಮಗು ಅದು. ಹಾಗಾಗಿ ನಿಯಮವನ್ನು ಬಾಯಲ್ಲಿ ಹೇಳಿದರೆ ಸಾಲದು. ಬಾಗಿಲು ತಟ್ಟುವುದನ್ನು, ಫೋನ್ ಬರುವುದನ್ನು, ಹೊಗೆ ಕಾಣಿಸಿಕೊಳ್ಳುವುದನ್ನು ನಾಟಕದಂತೆ ಆಡಿಸಿ ನೋಡಬೇಕು. ಈ ಆಟ ನಿಮ್ಮ ಮಗಳಿಗೆ ಮುಂದಿನ ವರ್ಷಗಳಲ್ಲಿ ಬೇಕಾಗುತ್ತದೆ.

ಈ ರಜೆಗೆ ನನ್ನ ಸಲಹೆ ಇಷ್ಟು. ನಿಮ್ಮ ಹಾಗೆಯೇ ಪರದಾಡುತ್ತಿರುವ ಇನ್ನೂ ಮೂರ್ನಾಲ್ಕು ಮನೆಯವರು ಸುತ್ತಮುತ್ತ ಇದ್ದೇ ಇರುತ್ತಾರೆ. ಅವರೊಂದಿಗೆ ಕುಳಿತು ವಾರದ ದಿನಗಳನ್ನು ಹಂಚಿಕೊಳ್ಳಿ, ಇಲ್ಲವೇ ಎಲ್ಲರೂ ಸೇರಿ ನಂಬಿಕೆಯ ಒಬ್ಬರಿಗೆ ಸಂಬಳ ಕೊಟ್ಟು ಒಂದೇ ಮನೆಯಲ್ಲಿ ಮಕ್ಕಳನ್ನು ಸೇರಿಸಿ. ಯಾವ ಮನೆಯೇ ಆಗಲಿ, ಹಗಲಿನಲ್ಲಿ ಅಲ್ಲಿ ಯಾರು ಇರುತ್ತಾರೆ, ಯಾರು ಬಂದುಹೋಗುತ್ತಾರೆ ಎಂದು ಮುಜುಗರಪಡದೆ ಕೇಳಿ. ವಾರಕ್ಕೊಮ್ಮೆ ಹೇಳದೆ ಕೇಳದೆ ಹೋಗಿ ಬನ್ನಿ. ಸಂಜೆ ಮಕ್ಕಳನ್ನು ‘ಚೆನ್ನಾಗಿತ್ತಾ?’ ಎಂದು ಕೇಳಿದರೆ ‘ಹೂಂ’ ಎನ್ನುತ್ತಾರೆ, ಅಷ್ಟೇ. ‘ಇವತ್ತು ಯಾರು ಯಾರು ಬಂದಿದ್ದರು? ಯಾವುದು ಇಷ್ಟವಾಗಲಿಲ್ಲ?’ ಎಂದು ಕೇಳಿದರೆ ಮಾತು ಹೊರಡುತ್ತದೆ.

ನೀರಿನ ವಿಷಯ ನಿಮ್ಮ ಪತ್ರದಲ್ಲಿಲ್ಲ, ನಾನೇ ಸೇರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು. ಮುಳುಗುವ ಮಗು ಕೈಬೀಸಿ ಕೂಗುತ್ತದೆ ಎಂದು ನಾವು ಅಂದುಕೊಂಡಿದ್ದೇವೆ, ಆದರೆ ಉಸಿರಿಗೇ ಪರದಾಡುವ ಮಗುವಿಗೆ ಕೂಗಲು ಉಸಿರೆಲ್ಲಿಂದ ಬರಬೇಕು? ಪಕ್ಕದ ಕೋಣೆಗೂ ಸದ್ದು ಕೇಳಿಸುವುದಿಲ್ಲ. ಚಿಕ್ಕ ಮಗುವಿಗೆ ಅರ್ಧ ಬಕೆಟ್ ನೀರೂ ಸಾಕು. ಮಕ್ಕಳು ಇರುವ ಮನೆಯಲ್ಲಿ ಬಕೆಟ್ಟು ಬೋರಲಾಗಿರಲಿ, ತೊಟ್ಟಿಯ ಮುಚ್ಚಳ ಮಗುವಿನ ಕೈಯಲ್ಲಿ ತೆಗೆಯಲಾಗದಷ್ಟು ಭದ್ರವಾಗಿರಲಿ.

ಪ್ರಶ್ನೆ: ನನ್ನ ಮೊಮ್ಮಗ ಮೂರನೆಯ ತರಗತಿ ಮುಗಿಸಿದ್ದಾನೆ. ಓದುವಾಗ ಪ್ರತಿ ಸಾಲಿನಲ್ಲೂ ತಡವರಿಸುತ್ತಾನೆ. ರಜೆಯಲ್ಲಿ ಕಲಿತದ್ದೆಲ್ಲ ಮರೆತುಹೋಗುತ್ತದೆಂದು ಹೆದರಿ ಅವನಪ್ಪ ಮುನ್ನೂರು ಪುಟದ ಅಭ್ಯಾಸ ಪುಸ್ತಕ ತಂದು ದಿನಕ್ಕೆ ಹತ್ತು ಪುಟ ಎಂದು ನಿಗದಿ ಮಾಡಿದ್ದಾನೆ. ಹುಡುಗ ಪುಸ್ತಕ ಕಂಡರೆ ಅಳುತ್ತಾನೆ. ರಜೆಯಲ್ಲಿ ನಿಜವಾಗಿಯೂ ಅಷ್ಟು ಮರೆಯುತ್ತಾರೆಯೇ?

ಉತ್ತರ: ಈ ಪ್ರಶ್ನೆಗೆ ಸಂಶೋಧಕರೇ ಇನ್ನೂ ಒಮ್ಮತಕ್ಕೆ ಬಂದಿಲ್ಲ, ಆದರೂ ಅವರ ಜಗಳದಲ್ಲಿ ನಿಮಗೆ ಬೇಕಾದ ವಿಷಯ ಇದೆ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಅಲ್ಲಿಯವರೆಗಿನ 39 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಸರಿದಿದ್ದರು. ಓದಿಗಿಂತ ಗಣಿತದಲ್ಲಿ ನಷ್ಟ ಹೆಚ್ಚು. ಓದಿನಲ್ಲಿ ಮಾತ್ರ ಒಂದು ವ್ಯತ್ಯಾಸ ಕಾಣಿಸಿತು: ಅನುಕೂಲವಿದ್ದ ಮನೆಯ ಮಕ್ಕಳು ರಜೆಯಲ್ಲೂ ಅಷ್ಟಿಷ್ಟು ಮುಂದೆ ಹೋದರು, ಬಡ ಮನೆಯ ಮಕ್ಕಳು ಹಿಂದೆ ಬಿದ್ದರು. ಬಾಲ್ಟಿಮೋರ್ ನಗರದಲ್ಲಿ 1982ರಿಂದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಕಾರ್ಲ್ ಅಲೆಕ್ಸಾಂಡರ್, ಡೋರಿಸ್ ಎಂಟ್‌ವಿಸಲ್ ಅವರೂ ಇದೇ ಬಗೆಯ ತೀರ್ಮಾನಕ್ಕೆ ಬಂದರು. ಅನಂತರ ಪಾಲ್ ವಾನ್ ಹಿಪ್ಪೆಲ್ ಮೊದಲಾದವರು, ಹಳೆಯ ಪರೀಕ್ಷೆಗಳಲ್ಲಿ ಅಳೆಯುವ ಕ್ರಮವೇ ಸರಿಯಿರಲಿಲ್ಲ, ಬಡ ಮನೆಯ ಮತ್ತು ಅನುಕೂಲವಿದ್ದ ಮನೆಯ ಮಕ್ಕಳ ನಡುವಿನ ಅಂತರದ ಬಹುಪಾಲು ಶಾಲೆಗೆ ಸೇರುವ ಮೊದಲೇ ಹುಟ್ಟಿಕೊಂಡಿರುತ್ತದೆ ಎಂದು ತಕರಾರು ಎತ್ತಿದರು. ಜಗಳ ಏನೇ ಇರಲಿ, ರಜೆಯಲ್ಲಿ ಕಲಿಕೆಯ ವೇಗ ತಗ್ಗುತ್ತದೆ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ.

ಆದರೆ ಅದಕ್ಕೆ ಮುನ್ನೂರು ಪುಟದ ಅಭ್ಯಾಸ ಪುಸ್ತಕ ಮದ್ದಲ್ಲ. ಅದನ್ನು ದಯವಿಟ್ಟು ಕಪಾಟಿನ ಮೇಲಿನ ಅರೆಗೆ ಹಾಕಿ. ಮಗನಿಗೆ ನಾನು ಹೇಳಿದೆನೆಂದು ಹೇಳಿ. ರಿಚರ್ಡ್ ಆಲಿಂಗ್‌ಟನ್ ಮತ್ತು ಆನ್ ಮೆಕ್‌ಗಿಲ್ ಫ್ರಾನ್ಜೆನ್ ಎಂಬುವರು ಬಡ ಮನೆಗಳ ಮಕ್ಕಳಿಗೆ ಸತತ ಮೂರು ಬೇಸಿಗೆಗಳಲ್ಲಿ ಹನ್ನೆರಡು ಹನ್ನೆರಡು ಪುಸ್ತಕಗಳನ್ನು ಕೊಟ್ಟರು. ಆಯ್ಕೆ ಮಕ್ಕಳದೇ. 2010ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಪುಸ್ತಕ ಪಡೆದ ಮಕ್ಕಳ ಓದು ಪಡೆಯದವರದಕ್ಕಿಂತ ಸುಧಾರಿಸಿತ್ತು. ಇಲ್ಲಿ ಇನ್ನೊಂದು ಎಳೆಯೂ ಇದೆ. ಜೇಮ್ಸ್ ಕಿಮ್ ಮತ್ತು ಥಾಮಸ್ ವೈಟ್ 2008ರಲ್ಲಿ ತೋರಿಸಿದಂತೆ, ಪುಸ್ತಕವನ್ನಷ್ಟೇ ಪಡೆದ ಮಕ್ಕಳಲ್ಲಿ ಗಣನೀಯ ಲಾಭ ಕಾಣಲಿಲ್ಲ; ಓದಿದ್ದನ್ನು ಕೇಳಿಸಿಕೊಳ್ಳಲು, ಅದರ ಬಗ್ಗೆ ಮಾತನಾಡಲು ದೊಡ್ಡವರು ಜೊತೆಗಿದ್ದ ಮಕ್ಕಳಲ್ಲಿ ಕಂಡಿತು. ಅಂದರೆ ಮೊಮ್ಮಗನಿಗೆ ಬೇಕಾಗಿರುವುದು ಅವನೇ ಆರಿಸಿಕೊಂಡ ತೆಳ್ಳನೆಯ ಪುಸ್ತಕ ಮತ್ತು ಪಕ್ಕದಲ್ಲಿ ನೀವು.

ಪುಸ್ತಕ ಅವನ ಮಟ್ಟದ್ದೋ ಅಲ್ಲವೋ ತಿಳಿಯಲು ಶಿಕ್ಷಕರು ಬಳಸುವ ಸುಲಭ ಉಪಾಯವೊಂದಿದೆ. ನಡುವಿನ ಒಂದು ಪುಟ ತೆರೆದು ಓದಿಸಿ. ಎಡವಿದ ಪ್ರತಿ ಪದಕ್ಕೆ ಅವನೇ ಒಂದು ಬೆರಳು ಮಡಿಸಲಿ. ಪುಟ ಮುಗಿಯುವ ಮೊದಲೇ ಐದು ಬೆರಳೂ ಮಡಿಸಿದರೆ ಆ ಪುಸ್ತಕವನ್ನು ನೀವು ಅವನಿಗೆ ಓದಿ ಹೇಳಿ. ಎರಡು ಮೂರಾದರೆ ಅವನೇ ಓದಲಿ. ಒಂದೂ ಮಡಿಸದಿದ್ದರೂ ಬೇಸರವಿಲ್ಲ. ಅದೇ ಪುಸ್ತಕವನ್ನು ನಾಲ್ಕನೆಯ ಸಲ ಓದುತ್ತೇನೆಂದರೆ ಬೇಡವೆನ್ನಬೇಡಿ, ತಡವರಿಸುವ ಮಗುವಿಗೆ ಸರಾಗತನ ಬರುವುದೇ ಆ ನಾಲ್ಕನೆಯ ಓದಿನಲ್ಲಿ. ತಪ್ಪಿದ ಕೂಡಲೇ ತಿದ್ದಬೇಡಿ. ಸಾಲು ಮುಗಿಯಲಿ, ಅರ್ಥ ಕೆಟ್ಟಿದೆಯೆಂದು ಅವನಿಗೇ ಹೊಳೆಯಲು ಎರಡು ಗಳಿಗೆ ಬಿಡಿ. ದಿನಕ್ಕೆ ಇಪ್ಪತ್ತು ನಿಮಿಷ ಧಾರಾಳ. ಗಣಿತಕ್ಕೆ ದಾಳ, ಇಸ್ಪೀಟಿನ ಎಲೆ, ಅಳತೆಯ ಟೇಪು ಇವುಗಳಿಂದ ಹತ್ತು ನಿಮಿಷ ಸಾಕು; ಕೂಡಿಸಿ ಕಳೆಯುವ ರೂಢಿ ತಪ್ಪದಿದ್ದರೆ ಆಯಿತು.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ತರಗತಿಯ ಹತ್ತು ವರ್ಷದ ಹುಡುಗಿಯೊಬ್ಬಳಿಗೆ ರಜೆ ಸಮೀಪಿಸಿದಾಗಲೆಲ್ಲ ಹೊಟ್ಟೆನೋವು ಬರುತ್ತದೆ. ಕಳೆದ ವಾರ ಎಲ್ಲರೂ ಹೊರಟ ಮೇಲೆ ಬೆಂಚು ಒರೆಸುತ್ತ ನಿಂತವಳು, ‘ರಜೆ ಬೇಡ ಮಿಸ್, ರಜೆಯಲ್ಲಿ ಅವರು ಮನೆಗೆ ಬರ್ತಾರೆ’ ಎಂದಳು. ಯಾರು ಎಂದರೆ ತಲೆ ತಗ್ಗಿಸಿದಳು. ನಾನು ಏನೇನೋ ಊಹಿಸಿಕೊಂಡು ಒಂದು ಕುಟುಂಬದ ಮಾನ ಕಳೆಯುತ್ತೇನೇನೋ ಎಂಬ ಭಯ. ತಾಯಿಯನ್ನು ಕರೆಸಿ ಮಾತಾಡಲೇ?

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಆದರೂ ಅವಳ ಭಯ ಅದಕ್ಕಿಂತ ದೊಡ್ಡದು. ಹತ್ತು ವರ್ಷದ ಮಗು ರಜೆ ಬೇಡವೆನ್ನಲು ಸಣ್ಣಪುಟ್ಟ ಕಾರಣಗಳೂ ಇರಬಹುದು. ಆದರೆ ಎಲ್ಲರೂ ಹೊರಡುವವರೆಗೂ ಕಾದು, ಒರೆಸಬೇಕಿಲ್ಲದ ಬೆಂಚನ್ನು ಒರೆಸುತ್ತ, ಹೆಸರಿಲ್ಲದ ‘ಅವರ’ ಬಗ್ಗೆ ಹೇಳಿದ ಮಾತನ್ನು ಸಣ್ಣದೆಂದು ಬದಿಗಿಡುವ ಹಾಗಿಲ್ಲ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುವವರಲ್ಲಿ ಹೆಚ್ಚಿನವರು ಮಗುವಿಗೆ ಗೊತ್ತಿರುವವರೇ, ಮನೆಯವರ ನಂಬಿಕೆ ಗಳಿಸಿದವರೇ. ಇದೇ ಎಂದು ನಾನು ಹೇಳುತ್ತಿಲ್ಲ; ಏನು ಎಂದು ಪತ್ತೆ ಮಾಡುವುದು ನಿಮ್ಮ ಕೆಲಸವೂ ಅಲ್ಲ, ನನ್ನ ಕೆಲಸವೂ ಅಲ್ಲ. ತಿಳಿಸಬೇಕಾದವರಿಗೆ ತಿಳಿಸುವುದು ಮಾತ್ರ ನಿಮ್ಮ ಕೆಲಸ, ಅದನ್ನೂ ಶಾಲೆ ಮುಚ್ಚುವ ಮೊದಲೇ ಮಾಡಬೇಕು.

ತಾಯಿಯನ್ನು ಈಗ ಕರೆಸಬೇಡಿ. ಅವರು ಒಳ್ಳೆಯವರೇ ಇರಬಹುದು. ಆದರೆ ಗಾಬರಿಯಲ್ಲಿ ಮನೆಗೆ ಹೋಗಿ ಆ ವ್ಯಕ್ತಿಯ ಎದುರೇ ಮಾತು ಎತ್ತಿದರೆ ಮರುದಿನ ಹುಡುಗಿಯ ಬಾಯಿ ಕಟ್ಟಿಹೋಗುತ್ತದೆ. ಯಾವಾಗ, ಹೇಗೆ ತಾಯಿಗೆ ತಿಳಿಸಬೇಕೆಂಬುದನ್ನು ಮಕ್ಕಳ ರಕ್ಷಣೆಯ ತರಬೇತಿ ಇರುವವರು ನಿರ್ಧರಿಸಲಿ. ಹುಡುಗಿಯನ್ನು ಕೂರಿಸಿಕೊಂಡು ‘ಅವರು ಮುಟ್ಟುತ್ತಾರಾ? ಎಲ್ಲಿ?’ ಎಂದು ಕೇಳುತ್ತ ಹೋಗಬೇಡಿ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿದರೆ ಮುಂದೆ ತನಿಖೆಯಲ್ಲಿ ಅವಳ ಮಾತಿಗೆ ಬೆಲೆ ಕಡಿಮೆಯಾಗುತ್ತದೆ. ಅವಳಾಗಿಯೇ ಮತ್ತೆ ಬಂದರೆ ಕೈಯಲ್ಲಿರುವ ಕೆಲಸ ಬಿಟ್ಟು, ಅವಳ ಎತ್ತರಕ್ಕೆ ಕುಳಿತು ಕೇಳಿಸಿಕೊಳ್ಳಿ. ‘ಆಮೇಲೆ?’, ‘ಅದನ್ನು ಇನ್ನಷ್ಟು ಹೇಳುತ್ತೀಯಾ?’ ಎಂಬಷ್ಟೇ ನಿಮ್ಮ ಪಾಲಿನ ಮಾತು. ‘ಯಾರಿಗೂ ಹೇಳಬೇಡಿ ಮಿಸ್’ ಎಂದು ಅವಳು ಅಂಗಲಾಚಿದರೆ ಆಣೆ ಇಡಬೇಡಿ. ‘ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ತರಗತಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ’ ಎನ್ನಿ. ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ ಎಂಬ ಎರಡು ಮಾತುಗಳನ್ನು ಮರೆಯದೆ ಹೇಳಿ.

ಅವಳು ಆಡಿದ ಮಾತನ್ನು ಅದೇ ದಿನ, ಅವಳದೇ ಪದಗಳಲ್ಲಿ, ದಿನಾಂಕ ಮತ್ತು ಹೊತ್ತು ಹಾಕಿ ಬರೆದಿಡಿ. ‘ಅವರು ಬರ್ತಾರೆ’ ಎಂದಿದ್ದರೆ ‘ಅವರು ಬರ್ತಾರೆ’ ಎಂದೇ ಬರೆಯಿರಿ. ಅದನ್ನು ‘ಸಂಬಂಧಿಕರೊಬ್ಬರ ಭೇಟಿ’ ಎಂದು ತಿದ್ದಬೇಡಿ. ಆ ಹಾಳೆಯೊಂದಿಗೆ ಶಾಲೆಯಲ್ಲಿ ಮಕ್ಕಳ ಸುರಕ್ಷತೆಯ ಹೊಣೆ ಹೊತ್ತವರ ಬಳಿ ಹೋಗಿ. ಅವರು ‘ರಜೆ ಮುಗಿಯಲಿ, ನೋಡೋಣ’ ಎಂದರೆ ನೀವೇ ಸಹಾಯವಾಣಿಗೆ ಅಥವಾ ಮಕ್ಕಳ ರಕ್ಷಣಾ ಅಧಿಕಾರಿಗಳಿಗೆ ತಿಳಿಸಿ. ಹಲವು ದೇಶಗಳಲ್ಲಿ ಶಿಕ್ಷಕರಿಗೆ ಇದು ಕಾನೂನು ವಿಧಿಸಿದ ಕರ್ತವ್ಯ. ಪುರಾವೆ ಬೇಕಿಲ್ಲ, ಸಕಾರಣವಾದ ಸಂಶಯವಿದ್ದರೆ ಸಾಕು. ದೂರು ಎಂಬ ಪದ ನಿಮ್ಮನ್ನು ಹೆದರಿಸುತ್ತಿದ್ದರೆ ಮಾಹಿತಿ ಎಂದುಕೊಳ್ಳಿ.

ಅಧಿಕಾರಿಗಳು ಕೈಗೆತ್ತಿಕೊಂಡ ಮೇಲೂ ರಜೆಯ ವಾರಗಳಲ್ಲಿ ಅವಳನ್ನು ಯಾರು ನೋಡುತ್ತಾರೆ ಎಂಬ ಪ್ರಶ್ನೆ ಉಳಿಯುತ್ತದೆ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಅಮೆರಿಕದಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಕುರಿತ ದೂರುಗಳು ದಿಢೀರನೆ ಇಳಿದವು. ದೌರ್ಜನ್ಯವೇ ಇಳಿಯಿತೆಂದು ಬಲ್ಲವರು ಯಾರೂ ಸಮಾಧಾನಪಡಲಿಲ್ಲ. ದಿನಾ ಮಕ್ಕಳ ಮುಖ ನೋಡಿ ದೂರು ಕೊಡುತ್ತಿದ್ದ ಶಿಕ್ಷಕರ ಕಣ್ಣಿಗೆ ಮಕ್ಕಳು ಬೀಳುತ್ತಿರಲಿಲ್ಲ. ಪ್ರತಿ ದೊಡ್ಡ ರಜೆಯೂ ಸಣ್ಣ ಪ್ರಮಾಣದಲ್ಲಿ ಹಾಗೆಯೇ. ಆದ್ದರಿಂದ ರಜೆಯಲ್ಲಿ ಗ್ರಂಥಾಲಯಕ್ಕೆ ಬರುವುದು, ಶಾಲೆಯ ಗಿಡಗಳಿಗೆ ನೀರು ಹಾಕುವುದು, ಪುಸ್ತಕ ಹಿಂದಿರುಗಿಸುವುದು ಹೀಗೆ ಏನಾದರೊಂದು ನೆಪದಲ್ಲಿ ವಾರಕ್ಕೆ ಎರಡು ಸಲ ಅವಳು ಶಾಲೆಯ ಯಾರಾದರೊಬ್ಬರ ಎದುರು ಬಂದು ನಿಲ್ಲುವಂತೆ ಮಾಡಿ. ಅವಳೊಬ್ಬಳನ್ನೇ ಕರೆದರೆ ಬೆರಳು ತೋರಿಸಿದಂತಾಗುತ್ತದೆ. ನಾಲ್ಕೈದು ಮಕ್ಕಳನ್ನು ಸೇರಿಸಿ ಕರೆಯಿರಿ.

ಪ್ರಶ್ನೆ: ನನ್ನ ಮಗನಿಗೆ ಎಂಟು ವರ್ಷ, ಆಟಿಸಂ ಇದೆ, ಮಾತು ಬಂದಿಲ್ಲ. ಶಾಲೆಯ ದಿನಚರಿ ನಿಂತ ಕೂಡಲೇ ಅವನ ನಿದ್ದೆ, ಊಟ ಎಲ್ಲವೂ ಏರುಪೇರಾಗುತ್ತದೆ. ಹೋದ ರಜೆಯಲ್ಲಿ ಒಮ್ಮೆ ಬಾಗಿಲು ತೆಗೆದುಕೊಂಡು ಹೊರಟೇಹೋಗಿದ್ದ. ಈ ಸಲ ಹೇಗೆ ತಯಾರಾಗಲಿ?

ಉತ್ತರ: ಬಾಗಿಲಿನಿಂದ ಆರಂಭಿಸೋಣ. ಇದು ನಿಮ್ಮ ನಿರ್ಲಕ್ಷ್ಯವೆಂದು ಯಾರಾದರೂ ಅಂದಿದ್ದರೆ ಕಿವಿಗೊಡಬೇಡಿ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಶೇ. 49ರಷ್ಟು ಮಂದಿ ನಾಲ್ಕು ವರ್ಷ ತುಂಬಿದ ಮೇಲೆ ಒಮ್ಮೆಯಾದರೂ ಹೀಗೆ ಹೊರಟುಹೋಗಲು ಯತ್ನಿಸಿದ್ದರೆಂದು ಹೆತ್ತವರು ತಿಳಿಸಿದ್ದರು. ಇಂಥ ಮಕ್ಕಳನ್ನು ನೀರು ಸೆಳೆಯುತ್ತದೆ. ಆದ್ದರಿಂದ ಮಗು ಕಾಣದಿದ್ದರೆ ಮನೆಯ ಮೂಲೆಗಳನ್ನು ಹುಡುಕುವ ಮೊದಲು ಹತ್ತಿರದ ಕೆರೆ, ಕೊಳ, ಬಾವಿ, ತೊಟ್ಟಿಯ ಕಡೆಗೆ ಒಬ್ಬರು ಓಡಬೇಕು, ಯಾರು ಓಡುವುದೆಂದು ಇಂದೇ ನಿರ್ಧರಿಸಿಡಿ. ಬಾಗಿಲು ತೆರೆದರೆ ಸದ್ದು ಮಾಡುವ ಗಂಟೆ, ದೊಡ್ಡವರ ಕೈಗಷ್ಟೇ ಎಟುಕುವ ಒಳಚಿಲಕ, ಅಂಗಿಯ ಒಳಭಾಗದಲ್ಲಿ ಹೊಲಿದ ಫೋನ್ ಸಂಖ್ಯೆ ಇವು ಖರ್ಚಿನ ಕೆಲಸಗಳಲ್ಲ. ನೆರೆಹೊರೆಯವರಿಗೆ ಮಗನ ಪರಿಚಯ ಮಾಡಿಸಿ, ‘ಇವನು ಒಬ್ಬನೇ ಕಂಡರೆ ಕೂಗಿ ಕರೆಯಬೇಡಿ, ಜೊತೆಗೆ ನಡೆಯುತ್ತ ನನಗೆ ಫೋನ್ ಮಾಡಿ’ ಎಂದು ಹೇಳಿಕೊಡಿ.

ದಿನಚರಿಯ ವಿಷಯಕ್ಕೆ ಬಂದರೆ, ಶಾಲೆಯವರು ಬಳಸುವ ಚಿತ್ರಪಟ್ಟಿಯ ಪ್ರತಿಯೊಂದನ್ನು ಕೇಳಿ ಪಡೆಯಿರಿ. ಏಳುವುದು, ಸ್ನಾನ, ಆಟ, ಊಟ ಎಲ್ಲವೂ ಅದೇ ಚಿತ್ರಗಳಲ್ಲಿ, ಅದೇ ಕ್ರಮದಲ್ಲಿ ಮನೆಯ ಗೋಡೆಗೆ ಬರಲಿ. ಮುಗಿದ ಕೆಲಸದ ಚಿತ್ರವನ್ನು ಅವನೇ ಕಿತ್ತು ಡಬ್ಬಿಗೆ ಹಾಕಲಿ. ಶಾಲೆ ತೆರೆಯುವ ದಿನವನ್ನು ಕ್ಯಾಲೆಂಡರಿನಲ್ಲಿ ಅಂಟಿಸಿ, ದಿನಕ್ಕೊಂದು ಚೌಕ ದಾಟಿಸುತ್ತ ಹೋಗಿ. ರಜೆಯಾದ್ದರಿಂದ ಸ್ವಲ್ಪ ಸಡಿಲ ಬಿಡೋಣ ಎಂಬುದು ನಮಗೆ ಸುಖ, ಅವನಿಗೆ ಅಲ್ಲ.

ಮಗನನ್ನು ಬೇರೆಯವರ ಬಳಿ ಬಿಡುವಾಗ ಇನ್ನೂ ಹೆಚ್ಚು ಎಚ್ಚರ ಬೇಕು. 2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪರಿಶೀಲನೆಯ ಪ್ರಕಾರ ಅಂಗವೈಕಲ್ಯವಿರುವ ಮಕ್ಕಳು ಹಿಂಸೆಗೆ ಗುರಿಯಾಗುವ ಸಾಧ್ಯತೆ ಉಳಿದ ಮಕ್ಕಳಿಗಿಂತ 3.7 ಪಟ್ಟು ಹೆಚ್ಚು. ಮಾತು ಬಾರದ ಮಗು ಬೆರಳಿಟ್ಟು ತನಗೆ ಬೇಕಾದ್ದನ್ನು ತಿಳಿಸುವ ಚಿತ್ರಫಲಕದಲ್ಲಿ ‘ನೀರು ಬೇಕು’ ಇರುತ್ತದೆ, ‘ಬೇಡ’, ‘ನೋವಾಗುತ್ತಿದೆ’, ‘ನಿಲ್ಲಿಸು’ ಮತ್ತು ದೇಹದ ಎಲ್ಲ ಭಾಗಗಳ ಚಿತ್ರಗಳು ಹಲವು ಬಾರಿ ಇರುವುದೇ ಇಲ್ಲ. ಅವನ್ನು ಸೇರಿಸಿ.

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ನಮ್ಮ ಸುತ್ತಲಿನ ಬಡ ಮಕ್ಕಳಿಗೆ ರಜೆಯಲ್ಲಿ ಹದಿನೈದು ದಿನಗಳ ಶಿಬಿರ ನಡೆಸಬೇಕೆಂದಿದ್ದೇವೆ. ಪಾಠ, ಆಟ ಎರಡೂ ಇರುತ್ತವೆ. ಯಾವ ನಿಯಮಗಳು ಬೇಕು?

ಉತ್ತರ: ನಿಮ್ಮ ಉತ್ಸಾಹಕ್ಕೆ ಅಡ್ಡಗಾಲು ಹಾಕುತ್ತಿದ್ದೇನೆಂದು ತಿಳಿಯಬೇಡಿ, ಆದರೆ ಮಕ್ಕಳ ಪಟ್ಟಿ ಮಾಡುವ ಮೊದಲು ಸ್ವಯಂಸೇವಕರ ಪಟ್ಟಿ ಮಾಡಿ. ಮಕ್ಕಳಿರುವಲ್ಲಿಗೆ ಮಕ್ಕಳನ್ನು ಪ್ರೀತಿಸುವವರು ಬರುವಂತೆಯೇ ಬೇರೆ ಉದ್ದೇಶದವರೂ ಬರುತ್ತಾರೆ, ಮತ್ತು ಅವರೇ ಎಲ್ಲರಿಗಿಂತ ಹೆಚ್ಚು ಹುರುಪಿನಿಂದ ಕೆಲಸ ಮಾಡುತ್ತಾರೆ. ಗೆಳೆಯನೇ ಆದರೂ ಹಿಂದೆ ಕೆಲಸ ಮಾಡಿದ ಕಡೆ ಇಬ್ಬರನ್ನು ವಿಚಾರಿಸಿ. ಪೊಲೀಸ್ ಪರಿಶೀಲನೆಯ ಸೌಲಭ್ಯವಿದ್ದರೆ ಮಾಡಿಸಿ. ಯಾವ ದೊಡ್ಡವರೂ ಯಾವ ಮಗುವಿನೊಂದಿಗೂ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿರಬಾರದು ಎಂಬ ನಿಯಮಕ್ಕೆ ಶಿಬಿರದ ಮುಖ್ಯಸ್ಥರೂ ಹೊರತಲ್ಲ. ಬೆಳಿಗ್ಗೆ ಹಾಜರಿ ತೆಗೆದುಕೊಂಡಂತೆ ಸಂಜೆ ಯಾರ ಕೈಗೆ ಒಪ್ಪಿಸಿದಿರೆಂದು ಸಹಿ ಹಾಕಿಸಿಕೊಳ್ಳಿ. ಮಕ್ಕಳ ಹೆಸರು, ವಿಳಾಸ ತಿಳಿಯುವಂಥ ಫೋಟೊಗಳನ್ನು ಜಾಲತಾಣಕ್ಕೆ ಹಾಕಬೇಡಿ. ದಾನಿಗಳಿಗೆ ಖಾಲಿ ಕೋಣೆಯ ಚಿತ್ರ ತೋರಿಸಿದರೂ ನಡೆಯುತ್ತದೆ.

ಊಟವನ್ನು ಯೋಜನೆಯ ಕೊನೆಯ ಸಾಲಿಗೆ ತಳ್ಳಬೇಡಿ. 2022ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 41.8 ಕೋಟಿ ಮಕ್ಕಳು ಶಾಲೆಯಲ್ಲಿ ಊಟ ಪಡೆಯುತ್ತಿದ್ದರು. ಶಾಲೆಗೆ ರಜೆಯೆಂದರೆ ಅವರಲ್ಲಿ ಅನೇಕರ ಆ ಹೊತ್ತಿನ ಊಟಕ್ಕೂ ರಜೆ. ಹಸಿದ ಮಗುವಿಗೆ ಓದು ಹತ್ತುವುದಿಲ್ಲ.

ಪಾಠದ ಬಗ್ಗೆ ಒಂದೇ ಮಾತು: ತರಗತಿವಾರು ಕೂರಿಸಬೇಡಿ. ಭಾರತದ ಪ್ರಥಮ್ ಎಂಬ ಶಿಕ್ಷಣ ಸಂಸ್ಥೆ ರೂಪಿಸಿ, ಆಮೇಲೆ ಆಫ್ರಿಕಾದ ಹಲವು ದೇಶಗಳೂ ಅಳವಡಿಸಿಕೊಂಡ ಕ್ರಮದಲ್ಲಿ ಮಕ್ಕಳನ್ನು ಅಕ್ಷರ, ಪದ, ವಾಕ್ಯವೃಂದ, ಕಥೆ ಇವುಗಳಲ್ಲಿ ಯಾವುದನ್ನು ಓದಬಲ್ಲರೋ ಅದರಂತೆ ಗುಂಪು ಮಾಡುತ್ತಾರೆ. ಐದನೆಯ ತರಗತಿಯವನು ಪದದ ಗುಂಪಿನಲ್ಲಿ ಕುಳಿತರೆ ಅವಮಾನವೇನಿಲ್ಲ. ಇಂಥ ಕಲಿಕಾ ಶಿಬಿರಗಳಿಂದ ಕೆಲವೇ ವಾರಗಳಲ್ಲಿ ಓದು ಸುಧಾರಿಸಿದ್ದನ್ನು, 2019ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರು ಸಂಗಡಿಗರೊಂದಿಗೆ ನಡೆಸಿದ ಪ್ರಯೋಗಗಳು ದಾಖಲಿಸಿವೆ.

ಪ್ರಶ್ನೆ: ತಾಯಿಯಿಲ್ಲದ ನನ್ನ ಅಕ್ಕನ ಮಗ ನಮ್ಮಲ್ಲೇ ಬೆಳೆಯುತ್ತಿದ್ದಾನೆ, ಹದಿನೈದು ವರ್ಷ. ರಜೆಯಲ್ಲಿ ಹಗಲೂ ರಾತ್ರಿ ಫೋನ್. ಎರಡು ದಿನಗಳಿಂದ ಊಟ ಬಿಟ್ಟಿದ್ದಾನೆ. ಒತ್ತಾಯಿಸಿದಾಗ, ಯಾರೋ ಹುಡುಗಿಯೆಂದು ನಂಬಿ ತನ್ನ ಚಿತ್ರ ಕಳಿಸಿದ್ದೆ, ಈಗ ಹಣ ಕೇಳುತ್ತಿದ್ದಾರೆ ಎಂದು ಅತ್ತ. ಮಾನದ ಪ್ರಶ್ನೆ. ಹಣ ಕೊಟ್ಟು ಮುಗಿಸಿಬಿಡಲೇ?

ಉತ್ತರ: ಕೊಡಬೇಡಿ. ಕೊಟ್ಟರೆ ಮುಗಿಯುವುದಿಲ್ಲ, ಕೊಡುವ ಮನೆ ಇದೆಂದು ಅವರಿಗೆ ತಿಳಿಯುತ್ತದೆ. ಚಿತ್ರ, ಸಂದೇಶ, ಆ ಖಾತೆಯ ಹೆಸರು ಯಾವುದನ್ನೂ ಅಳಿಸದೆ ತೆರೆಚಿತ್ರ (ಸ್ಕ್ರೀನ್‌ಶಾಟ್) ತೆಗೆದಿಟ್ಟುಕೊಂಡು, ಉತ್ತರಿಸುವುದನ್ನು ನಿಲ್ಲಿಸಿ, ಖಾತೆಯನ್ನು ತಡೆದು, ಪೊಲೀಸರಿಗೂ ಆ ಆ್ಯಪ್‌ನವರಿಗೂ ದೂರು ಕೊಡಿ. ಹದಿನೆಂಟರೊಳಗಿನವರ ಇಂಥ ಚಿತ್ರಗಳು ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೊಂದಿದೆ. ಚಿತ್ರ ನಿಮ್ಮ ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಸಂಕೇತವೊಂದು ಮಾತ್ರ ಹೋಗುತ್ತದೆ, ಸೇವೆಗೆ ಸೇರಿದ ಕಂಪನಿಗಳು ಅದನ್ನು ಬಳಸಿ ಆ ಚಿತ್ರವನ್ನು ತಮ್ಮಲ್ಲಿ ಹುಡುಕಿ ತೆಗೆಯುತ್ತವೆ.

ಆದರೆ ಇವೆಲ್ಲಕ್ಕೂ ಮೊದಲು ಅವನ ಪಕ್ಕ ಕುಳಿತು ‘ಇದು ನಿನಗೆ ಮಾಡಿದ ಮೋಸ, ನಾನು ನಿನ್ನ ಜೊತೆ ಇದ್ದೇನೆ’ ಎನ್ನಿ. ಈ ಬಲೆಗೆ ಬಿದ್ದ ಹುಡುಗರು ನಾಚಿಕೆಯಲ್ಲಿ ಪ್ರಾಣ ಕಳೆದುಕೊಂಡ ಪ್ರಕರಣಗಳಿವೆ. ಇವತ್ತು, ನಾಳೆ, ನಾಡಿದ್ದು ಅವನನ್ನು ಒಂಟಿಯಾಗಿ ಬಿಡಬೇಡಿ, ರಾತ್ರಿಯೂ ಅವನ ಕೋಣೆಯಲ್ಲೇ ಯಾರಾದರೂ ಮಲಗಿ. ಸಾಯುವ ಮಾತೇನಾದರೂ ಅವನ ಬಾಯಿಂದ ಬಂದರೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಫೋನ್ ಕಿತ್ತುಕೊಳ್ಳುವ ವಿಚಾರ ಆಮೇಲಿನದು. ರಾತ್ರಿ ಮನೆಯವರೆಲ್ಲರ ಫೋನೂ ಹಜಾರದಲ್ಲೇ ಚಾರ್ಜ್ ಆಗಲಿ ಎಂಬ ನಿಯಮ ಮಾಡಿದರೆ ಅವನೊಬ್ಬನಿಗೆ ಶಿಕ್ಷೆಯಾದಂತೆ ತೋರುವುದಿಲ್ಲ. ನಿಮ್ಮ ಫೋನೂ ಅಲ್ಲಿರಬೇಕು, ಅಷ್ಟೇ.

ಪ್ರಶ್ನೆ: ಹದಿನಾಲ್ಕು ವರ್ಷದ ಮಗ ರಜೆಯಲ್ಲಿ ವೆಲ್ಡಿಂಗ್ ಶಾಪಿಗೆ ಕೆಲಸಕ್ಕೆ ಹೋಗುತ್ತೇನೆನ್ನುತ್ತಾನೆ. ಮನೆಗೂ ನಾಲ್ಕು ಕಾಸು ಬರುತ್ತದೆ, ಕೆಲಸವೂ ಕಲಿಯುತ್ತಾನೆ. ಕಳಿಸಬಹುದೇ?

ಉತ್ತರ: ವೆಲ್ಡಿಂಗ್ ಶಾಪಿಗೆ ಬೇಡ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ ಒಡಂಬಡಿಕೆಯಂತೆ ಅಪಾಯಕರ ಕೆಲಸಕ್ಕೆ ಹದಿನೆಂಟು ತುಂಬಿರಬೇಕು. ಹದಿಮೂರರಿಂದ ಹದಿನೈದರವರಿಗೆ ಓದಿಗೂ ಆರೋಗ್ಯಕ್ಕೂ ಧಕ್ಕೆಯಾಗದ ಹಗುರ ಕೆಲಸಗಳನ್ನಷ್ಟೇ ದೇಶಗಳು ಅನುಮತಿಸಬಹುದು. ನಿಮ್ಮಲ್ಲಿನ ಕಾನೂನು ಇದಕ್ಕಿಂತಲೂ ಬಿಗಿಯಾಗಿರಬಹುದು, ಕೇಳಿ ತಿಳಿದುಕೊಳ್ಳಿ. ಜಗತ್ತಿನಲ್ಲಿ 2024ರಲ್ಲೂ ಸುಮಾರು 13.8 ಕೋಟಿ ಮಕ್ಕಳು ಬಾಲಕಾರ್ಮಿಕರಾಗಿದ್ದರು, ಅವರಲ್ಲಿ 5.4 ಕೋಟಿಯಷ್ಟು ಮಂದಿ ಅಪಾಯಕರ ಕೆಲಸದಲ್ಲಿದ್ದರು. ಕಣ್ಣು ಹಾಳಾಗುವುದರಷ್ಟೇ ನನ್ನನ್ನು ಕಾಡುವುದು ರಜೆಯ ಕೊನೆಯ ವಾರ. ನಾನು ಪಾಠ ಮಾಡುತ್ತಿದ್ದಾಗ ಶಾಲೆ ತೆರೆದ ಮೊದಲ ದಿನ ಹಾಜರಿ ಪುಸ್ತಕದಲ್ಲಿ ಹೆಸರು ಕೂಗಿದರೆ ‘ಅವನು ಕೆಲಸಕ್ಕೆ ಹೋದ ಮಿಸ್’ ಎಂದು ಬೇರೆ ಹುಡುಗರು ಹೇಳುತ್ತಿದ್ದರು. ಹಾಗೆ ಹೋದವರಲ್ಲಿ ಹಿಂದಿರುಗಿ ಬಂದವರು ಕಡಿಮೆ. ಶಾಲೆಗೆ ಮರಳದಂತೆ ಯಾರೂ ಅವರನ್ನು ತಡೆದಿರಲಿಲ್ಲ, ಕೈಗೆ ಬರುತ್ತಿದ್ದ ದುಡ್ಡೇ ಕೆಲಸಕ್ಕೆ ಕಟ್ಟಿಹಾಕಿತ್ತು.

ಮಗನಿಗೆ ಕೈಕೆಲಸದ ಆಸೆಯಿರುವುದು ಒಳ್ಳೆಯದೇ. ಸೈಕಲ್ ಬಿಚ್ಚಿ ಜೋಡಿಸುವುದು, ಕೆಟ್ಟ ಫ್ಯಾನಿನ ಒಳಗೇನಿದೆಯೆಂದು ಪ್ಲಗ್ ಕಿತ್ತಿಟ್ಟು ನೋಡುವುದು ಇವನ್ನು ಮನೆಯಲ್ಲೇ, ಬಲ್ಲವರೊಬ್ಬರ ಜೊತೆ ಮಾಡಲಿ. ತೀರಾ ಹಣದ ಅಡಚಣೆಯಿದ್ದರೆ ಅದನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ ರಜೆಗೆ ಮೊದಲೇ ಹೇಳಿ. ವಿದ್ಯಾರ್ಥಿವೇತನ, ಪುಸ್ತಕ, ಸಮವಸ್ತ್ರ ಇವುಗಳಿಗೆ ಅರ್ಜಿ ಹಾಕಲು ಶಾಲೆ ತೆರೆಯುವವರೆಗೆ ಕಾಯಬೇಕಾಗಿಲ್ಲ.